ಸಕ್ಕರೆ ಕಾಗದದ ಬಣ್ಣದ ಫಿಯೆಟ್

ಹೇಝಲ್‌ನಟ್ ಮೂಟೆಗಳ ಹಿಂದೆ ನಿಂತಿದ್ದ ಆ ಕಾರಿನ ಬಾನೆಟ್ ಎತ್ತಿದ ಕೂಡಲೇ 'ಅಯ್ಯೋ, ಇದು ನಮ್ಮ ಪದ್ಮಿನಿ!' ಅಂತ ಕನ್ನಡದಲ್ಲೇ ಬಾಯಿಗೆ ಬಂತು. ಕೊಟ್ಟಿಗೆಯ ಯಜಮಾನರಿಗೆ ಏನೂ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕರು. ಇದು 2016ರ ಮಾತು. ಊರು ಇಟಲಿಯ ಕುನೆಯೊ ಪ್ರಾಂತ್ಯದ ಲಾಂಗೆ ಗುಡ್ಡಗಳ ನಡುವೆ. ಟೊರಿನೊದಲ್ಲಿ ಕೆಲಸಕ್ಕಿದ್ದ ನಾನು ಅಲ್ಲಿಗೆ ಹೋಗಿದ್ದು ಸಹೋದ್ಯೋಗಿಯೊಬ್ಬನ ಮಾವನ ಮನೆಗೆ, ಊಟಕ್ಕೆ. ಬರುವಾಗ ಒಂದು ಕಾರಿಗೆ ಮುಂಗಡ ಕೊಟ್ಟು ಬಂದೆ. ಎಷ್ಟು ಅಂತ ಬರೆಯುವುದಿಲ್ಲ, ಪೂರ್ತಿ ಲೆಕ್ಕ ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಕಾರು ಫಿಯೆಟ್ 1100 ಟಿವಿ ಟ್ರಾಸ್ಫೊರ್ಮಾಬಿಲೆ, 1956ರದ್ದು. ಟಿವಿ ಅಂದರೆ ತುರಿಸ್ಮೊ ವೆಲೋಚೆ, ವೇಗದ ಪ್ರವಾಸ. 1955ರ ಜಿನೀವಾ ಪ್ರದರ್ಶನದಲ್ಲಿ ಫಿಯೆಟ್ ಇದನ್ನು ಮೊದಲು ತೋರಿಸಿತು. ಎರಡೇ ಸೀಟು, ಮಡಚುವ ಹುಡ್, ಅಮೆರಿಕದ ಕಾರುಗಳನ್ನು ನೋಡಿ ಆಸೆಪಟ್ಟಂಥ ಮೈ, ಎರಡೂ ಪಕ್ಕಕ್ಕೆ ಬಾಗಿ ಬರುವ ಮುಂದಿನ ಗಾಜು. ಗೆರೆ ಎಳೆದವರು ಫಿಯೆಟ್‌ನವರೇ ಆದ ಫಾಬಿಯೊ ಲುಯಿಜಿ ರಾಪಿ. 1100 ಎಂಜಿನ್ನಿನಲ್ಲಿ ತಯಾರಾದದ್ದು ಸುಮಾರು ಸಾವಿರ ಕಾರು ಮಾತ್ರ. ಹಾಗಂತ ಒಳಗಿರುವ ಯಂತ್ರವೇನೂ ಅಪರೂಪದ್ದಲ್ಲ. ಬೋರ್, ಅಂದರೆ ಸಿಲಿಂಡರಿನ ವ್ಯಾಸ, 68 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 75; ಒಟ್ಟು 1089 ಸಿಸಿ. ನಮ್ಮ ಅಪ್ಪ ಭಾನುವಾರ ಭಾನುವಾರ ಪಾಯಿಂಟ್ ಉಜ್ಜುತ್ತಿದ್ದ ಪ್ರೀಮಿಯರ್ ಪದ್ಮಿನಿಯದೂ ಅದೇ ಅಳತೆ.

ಕಾರು ಯಾರ ಯಾರ ಕೈ ದಾಟಿ ಬಂದಿದೆ ಅಂತ ತಿಳಿಯುವುದು ಇಟಲಿಯಲ್ಲಿ ಅಷ್ಟೇನೂ ಕಷ್ಟವಲ್ಲ. ಅಲ್ಲಿ ಪಿಆರ್‌ಎ ಅಂತ ವಾಹನಗಳ ಸಾರ್ವಜನಿಕ ನೋಂದಣಿ ಇದೆ, 1927ರಿಂದ. ಶುಲ್ಕ ಕಟ್ಟಿದರೆ 'ಎಸ್ತ್ರಾತ್ತೊ ಕ್ರೊನೊಲೋಜಿಕೊ' ಕೊಡುತ್ತಾರೆ. ನಮ್ಮಲ್ಲಿ ಜಮೀನಿಗೆ ಇಸಿ ತೆಗೆಸುತ್ತೇವಲ್ಲ, ಕಾರಿಗೆ ಇದೂ ಹಾಗೇ. ನನ್ನ ಕಾರಿನ ಕಾಗದದಲ್ಲಿ ನಾಲ್ಕು ಹೆಸರು. ಮೊದಲನೆಯವರು ಟೊರಿನೊದ ಔಷಧ ಅಂಗಡಿಯವರು. 1961ರಲ್ಲಿ ಕಾರು ಕುನೆಯೊದ ಮೇಷ್ಟ್ರೊಬ್ಬರಿಗೆ ಹೋಯಿತು. ಆಗೆಲ್ಲ ಪ್ರಾಂತ್ಯ ಬದಲಾದರೆ ನಂಬರ್ ಪ್ಲೇಟೂ ಬದಲಾಗಬೇಕು, ಹಾಗಾಗಿ ಟೊರಿನೊದ ಟಿಒ ಹೋಗಿ ಕುನೆಯೊದ ಸಿಎನ್ ಬಂತು. ಮೂರನೆಯವರು ಎರಡೇ ವರ್ಷ ಇಟ್ಟುಕೊಂಡಿದ್ದರು. ನಾಲ್ಕನೆಯವರು ಕೊಟ್ಟಿಗೆಯ ಯಜಮಾನರ ತಂದೆ.

ಆ ಮೇಷ್ಟ್ರ ಮಗಳು ಇನ್ನೂ ಕುನೆಯೊದಲ್ಲೇ ಇದ್ದಾರೆ, ಎಪ್ಪತ್ತರ ಹತ್ತಿರ ವಯಸ್ಸು. ಹಿಂಜರಿಯುತ್ತಲೇ ಹೋದೆ. ಕಾಫಿ ಕೊಟ್ಟು, ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಒಂದು ಫೋಟೊ ತೆಗೆದರು. ಮದ್ದಲೇನಾ ಕಣಿವೆದಾರಿಯಲ್ಲಿ ಹುಡ್ ಇಳಿಸಿದ ಕಾರು, ಸೀಟಿನ ಮೇಲೆ ನಿಂತ ಪುಟ್ಟ ಹುಡುಗಿ. ಕಪ್ಪು-ಬಿಳುಪು. ನನ್ನ ಕೊಟ್ಟಿಗೆ ಕಾರು ಕೆಂಪಗಿತ್ತು. ಇಟಲಿಯ ತೆರೆದ ಕಾರು ಅಂದರೆ ಕೆಂಪೇ ಇರಬೇಕು ಅಂತ ಯಾವನೋ ನಡುವೆ ಬಳಿಸಿದ್ದ. 'ಬಣ್ಣ ಯಾವುದಿತ್ತು?' ಅಂದೆ. ಅವರು ಯೋಚಿಸಲೇ ಇಲ್ಲ. 'ಕಾರ್ತಾ ದ ಝುಕ್ಕೆರೊ' ಅಂದರು. ಸಕ್ಕರೆ ಕಾಗದ! ಹಿಂದೆ ಅಂಗಡಿಗಳಲ್ಲಿ ಸಕ್ಕರೆ ಕಟ್ಟಿಕೊಡುತ್ತಿದ್ದ ಬೂದು ಬೆರೆತ ನೀಲಿ ಕಾಗದದ ಬಣ್ಣಕ್ಕೆ ಅಲ್ಲಿ ಈಗಲೂ ಅದೇ ಹೆಸರು. ಮನೆಗೆ ಬಂದು ಸೀಟಿನ ಹಳಿ ಬಿಚ್ಚಿ ಅದರಡಿ ಬ್ಲೇಡಿನಿಂದ ಕೆರೆದೆ. ಕೆಂಪು, ಅದರ ಕೆಳಗೆ ಬಿಳಿ, ಅದರ ಕೆಳಗೆ ಉಗುರಗಲದ ನೀಲಿ. ಆ ಚೂರಿನ ಮೇಲೇ ಬಣ್ಣ ಬೆರೆಸಿಸಿದ್ದು. ಮುಂದಿನ ಮಡ್‌ಗಾರ್ಡಿನ ಮೇಲಿದ್ದ ಕನ್ನಡಿ ಆ ಫೋಟೊದಲ್ಲಿ ಇರಲಿಲ್ಲ. ಹಾಗಾಗಿ ಕನ್ನಡಿ ತೆಗೆದು ಅದರ ತೂತುಗಳನ್ನೂ ಬೆಸುಗೆ ಹಾಕಿಸಿದೆ.

ಇನ್ನು ತುಕ್ಕು. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಅದು ತಳದಲ್ಲಿ ಸೇರಿಕೊಂಡು ತಿನ್ನುತ್ತದೆ. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಮೈಯೇ ಚಾಸಿಸ್. ಮೇಲೆ ಛಾವಣಿಯೂ ಇಲ್ಲದ್ದರಿಂದ ಇಡೀ ಭಾರ ಬಾಗಿಲಡಿಯ ಪೆಟ್ಟಿಗೆಯಂಥ ತಗಡಿನ ಮೇಲೆ. ನಮ್ಮ ಟಿಂಕರ್‌ಗಳು ಅದನ್ನು ರನ್ನಿಂಗ್ ಬೋರ್ಡ್ ಅನ್ನುತ್ತಾರೆ. ಹೊರಗಿನಿಂದ ಗಟ್ಟಿಯಾಗೇ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಯಾವುದೋ ಕಾಲದ ಗ್ಯಾರೇಜಿನವರು ಕೊಳೆತದ್ದರ ಮೇಲೇ ಹೊಸ ತಗಡು ರಿವೆಟ್ ಹೊಡೆದು ಟಾರು ಬಳಿದಿದ್ದರು.

ಇಲ್ಲಿ ನನ್ನಿಂದಲೇ ಒಂದು ದೊಡ್ಡ ತಪ್ಪಾಯಿತು. ಹಿಂದೆ ಮುಂದೆ ಜಾಕ್ ಸ್ಟ್ಯಾಂಡ್ ಕೊಟ್ಟು ಎಡಗಡೆಯ ಬೋರ್ಡ್ ಕತ್ತರಿಸಲು ಶುರುಮಾಡಿದೆ. ಅರ್ಧ ಕತ್ತರಿಸುವಷ್ಟರಲ್ಲಿ ಮೆಲ್ಲಗೆ ಟಕ್ ಅಂತ ಸದ್ದು. ಬಾಗಿಲು ಹಾಕಲು ಹೋದರೆ ಮೇಲಿನ ಅಂಚು ಹಿಂದಿನ ಕಂಬಕ್ಕೆ ತಾಗುತ್ತಿದೆ. ನಡು ಕುಸಿದು, ಬಾಗಿಲ ಬಾಯಿ ಮೇಲುಗಡೆ ಐದಾರು ಮಿ.ಮೀ. ಕಿರಿದಾಗಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ನಡುವಿಗೂ ಆಸರೆ ಕೊಟ್ಟು, ಕೂದಲೆಳೆಯಷ್ಟೇ ಎತ್ತುತ್ತಾ, ಬಾಗಿಲ ಸಂದು ಮೇಲೆ ಕೆಳಗೆ ಒಂದೇ ಆಗುವವರೆಗೆ ತಂದೆ. ಆಮೇಲೆ ಎರಡೂ ಬಾಗಿಲ ಬಾಯಿಗೆ ಅಡ್ಡಡ್ಡ ಚೌಕ ಪೈಪು ಬೆಸುಗೆ ಹಾಕಿ ಬಿಗಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಪಕ್ಕ, ಪ್ರತಿ ಬೆಸುಗೆಗೂ ಮುನ್ನ ಬಾಗಿಲು ಹಾಕಿ ನೋಡುವುದು. ಬರೀ ತಗಡಿನ ಕೆಲಸಕ್ಕೇ ಹದಿನಾಲ್ಕು ತಿಂಗಳು ಹೋಯಿತು.

ಮುಂದಿನ ಗಾಜು ಮಾತ್ರ ನನ್ನ ಅದೃಷ್ಟಕ್ಕೆ ಒಡೆದಿರಲಿಲ್ಲ. ಈ ಗಾಜು ಬೇರೆ ಯಾವ 1100ಕ್ಕೂ ಆಗುವುದಿಲ್ಲ. ತೆಗೆಯುವಾಗ ಮೀಟಲು ಹೋಗಲಿಲ್ಲ. ಹಳೆಯ ರಬ್ಬರನ್ನು ಸುತ್ತಲೂ ಬ್ಲೇಡಿನಿಂದ ಕುಯ್ದು ಬಿಸಾಡಿ, ಇಬ್ಬರು ಹಿಡಿದು ಎತ್ತಿದೆವು. ಕೂರಿಸುವಾಗ ಹೊಸ ರಬ್ಬರಿನ ತೋಡಿನೊಳಗೆ ದಾರ ಸುತ್ತಿ, ಸೋಪು ನೀರು ಹಚ್ಚಿ, ಒಳಗಿನಿಂದ ದಾರ ಎಳೆಯುತ್ತಾ ಹೋದರೆ ರಬ್ಬರಿನ ತುಟಿ ತಗಡಿನ ಅಂಚನ್ನು ತಾನೇ ಹಿಡಿದುಕೊಳ್ಳುತ್ತದೆ. ನಿಂಬೆಹಣ್ಣು ಇಟ್ಟೇ ಶುರುಮಾಡಿದ್ದು, ಗೆಳೆಯರು ನಗಲಿ. ಕಳೆದುಹೋಗಿದ್ದ ಕ್ರೋಮ್ ಪಟ್ಟಿಗಳಿಗಾಗಿ ಸೆಪ್ಟೆಂಬರಿನಲ್ಲಿ ಇಮೋಲಾ ರೇಸ್ ಟ್ರ್ಯಾಕಿನ ಹಳೆ ಸಾಮಾನಿನ ಜಾತ್ರೆಗೆ ಎರಡು ವರ್ಷ ಅಲೆದೆ. ಎಡಗಡೆಯದು ಸಿಕ್ಕಿತು. ಬಲಗಡೆಯದನ್ನು ಮಾಡಿಸಬೇಕಾಯಿತು, ಬಿಸಿಲಲ್ಲಿ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಎಂಜಿನ್ನಿಗೆ ಪಿಸ್ಟನ್ ಉಂಗುರಗಳು ಬೇಕಿದ್ದವು. ಇಟಲಿಯಲ್ಲಿ 1100ರ ತಯಾರಿ 1969ಕ್ಕೇ ಮುಗಿಯಿತು. ಮುಂಬೈ ಕುರ್ಲಾದ ಪ್ರೀಮಿಯರ್‌ನವರು ಅದನ್ನೇ ಪದ್ಮಿನಿ ಅಂತ ಆಮೇಲೂ ಮೂರು ದಶಕ ಮಾಡುತ್ತಲೇ ಇದ್ದರು. ಊರಿಗೆ ಬಂದಾಗ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯ ಹಿರಿಯರು ಕನ್ನಡಕ ಏರಿಸಿ, 'ಪೆಟ್ರೋಲಾ, ಡೀಸೆಲಾ ಸಾರ್?' ಅಂದರು.

'ಪೆಟ್ರೋಲ್. ಅರವತ್ತೆಂಟು ಬೋರು.'

'ಗಾಡಿ ಎಲ್ಲಿದೆ?'

'ಇಟಲೀಲಿ.'

'ಅಲ್ಲಿಂದ್ಲೇ ಅಲ್ವಾ ಸಾರ್ ಇದು ಬಂದಿದ್ದು? ಅಲ್ಲೇ ಸಿಗಲ್ವಾ?'

ಅಳತೆ ಒಂದೇ ಅಂತ ಕಣ್ಣು ಮುಚ್ಚಿ ಕೊಳ್ಳಬೇಡಿ. ವ್ಯಾಸ ಸರಿಯಿದ್ದರೂ ಉಂಗುರದ ದಪ್ಪ ಪಿಸ್ಟನ್ನಿನ ತೋಡಿಗೆ ಹೊಂದಬೇಕು. ನಾನು ಪಿಸ್ಟನ್ ಒಂದನ್ನು ಸೂಟ್‌ಕೇಸಿನಲ್ಲೇ ತಂದಿದ್ದೆ. ಮೊದಲು ತೆಗೆದ ಡಬ್ಬಿಯ ಎಣ್ಣೆ ಉಂಗುರ ತೋಡಿನೊಳಗೆ ಕೂರಲಿಲ್ಲ. ಮೂರನೆಯ ಡಬ್ಬಿಯದು ಸಲೀಸಾಗಿ ಸುತ್ತಿತು. ಹಿರಿಯರು ಆ ಪಿಸ್ಟನ್ನನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ನೋಡಿ, ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು. ಅವತ್ತು ಎರಡು ಸೆಟ್ ತೆಗೆದುಕೊಂಡಿದ್ದೆ.

ಕಾರು ರಸ್ತೆಗಿಳಿದು ಈಗ ಕೆಲವು ವರ್ಷವಾಯಿತು. ಜೋರು ಮಳೆ ಬಂದರೆ ಗಾಜಿನ ಎಡಮೂಲೆಯಿಂದ ಹನಿಯುತ್ತದೆ, ಅದಕ್ಕೊಂದು ಬಟ್ಟೆ ಇಟ್ಟಿದ್ದೇನೆ. ಮಿಕ್ಕ ಉಂಗುರದ ಸೆಟ್ಟನ್ನು ಆಸ್ತಿ ಅನ್ನುವ ಊರಿನ ಮುದುಕರೊಬ್ಬರು ತಮ್ಮ 1100ಗೆ ಬೇಕೆಂದು ಒಯ್ದರು, ಬದಲಿಗೆ ಆರು ಬಾಟಲಿ ಬಾರ್ಬೆರಾ ವೈನ್ ಕೊಟ್ಟು. ಸುದ್ದಿ ಹಬ್ಬಿತು. ಬರುವ ಡಿಸೆಂಬರಿಗೆ ಊರಿಗೆ ಹೋಗುವಾಗ ಜೆ.ಸಿ. ರಸ್ತೆಯಿಂದ ತರಬೇಕಾದ ಚೀಟಿಯಲ್ಲಿ ಸದ್ಯಕ್ಕೆ ಹನ್ನೊಂದು ಸಾಮಾನಿದೆ, ಒಂದೂ ನನ್ನದಲ್ಲ.