ಸೈಕಲ್ ಟ್ಯೂಬು ಕಟ್ಟಿಕೊಂಡು ಸಮುದ್ರಕ್ಕೆ ತಯಾರಾದದ್ದು

ಮುಂಬೈ ಸಮುದ್ರದಲ್ಲಿ ಎಲಿಫೆಂಟಾ ದ್ವೀಪದಿಂದ ಗೇಟ್‌ವೇ ಆಫ್ ಇಂಡಿಯಾಗೆ ಸುಮಾರು 14 ಕಿ.ಮೀ. ಹೋದ ಜನವರಿಯಲ್ಲಿ ಈಜಿ ಮುಗಿಸಿದೆ. ನಾಲ್ಕೂಕಾಲು ಗಂಟೆ ಹಿಡಿಯಿತು, ಒಂದೆರಡು ನಿಮಿಷ ಹೆಚ್ಚುಕಡಿಮೆ. ತಯಾರಿ ಪೂರಾ ನಡೆದದ್ದು ಕೊಪ್ಪಳದ ಹತ್ತಿರ, ನಮ್ಮ ಕಾಕಾನ ಹೊಲದ ಕೃಷಿ ಹೊಂಡದಲ್ಲಿ. 70 ಅಡಿ ಉದ್ದ, ಅಷ್ಟೇ ಅಗಲ, 10 ಅಡಿ ಆಳ.

ದಡದ ಗೂಟಕ್ಕೆ ಕಟ್ಟಿಕೊಂಡು ಇದ್ದಲ್ಲೇ ಈಜೋದು ನೋಡಿ, "ಎಮ್ಮಿ ಕಟ್ಟಿದಂಗ ಕಟ್ಕೊಂಡು ಈಜ್ತಾನ" ಅಂತ ಊರೆಲ್ಲ ನಕ್ಕಿತ್ತು. ಬಳ್ಳಾರಿಯ ಪರಿಚಯದ ಕೋಚ್ ಒಬ್ಬರು, ಸಮುದ್ರದ ಊರಲ್ಲಿ ಹುಟ್ಟದವನಿಗೆ ಇದೆಲ್ಲ ಆಗಲ್ಲ ಅಂದರು. ಮಿಹಿರ್ ಸೇನ್ ಹುಟ್ಟಿದ್ದು ಬಂಗಾಳದ ಪುರುಲಿಯಾದಲ್ಲಿ, ಅಲ್ಲೆಲ್ಲಿದೆ ಸಮುದ್ರ ಅಂತ ಕೇಳಿದೆ. 1958ರಲ್ಲಿ ಇಂಗ್ಲಿಷ್ ಚಾನೆಲ್ ಈಜಿದ ಮೊದಲ ಭಾರತೀಯ ಅವರು. ವಕೀಲಿ ಓದಿದವರು. ಅವರೂ ಮೊದಲ ಸಲಕ್ಕೇ ದಾಟಲಿಲ್ಲ. ಕೋಚ್ ನಕ್ಕು ಸುಮ್ಮನಾದರು.

ಡ್ಯಾಮಿನ ಹಿನ್ನೀರು ಇದೆಯಲ್ಲ ಅಂತೀರಾ? ತುಂಗಭದ್ರೆಯಲ್ಲಿ ಮೊಸಳೆ ಇವೆ, ಸುಳಿ ಇವೆ. ದಿನಾ ಬೆಳಗ್ಗೆ ಒಬ್ಬನೇ ಇಳಿಯೋ ಜಾಗ ಅಲ್ಲ.

ಹೊಂಡದಲ್ಲಿ ಹತ್ತಿಪ್ಪತ್ತು ಸಲ ಕೈ ಬೀಸಿದರೆ ದಡ ಬಂತು. ಅದಕ್ಕೇ ಕಟ್ಟಿಕೊಂಡೆ. ಮೊದಲು ಸೊಂಟಕ್ಕೆ ತೆಂಗಿನ ನಾರಿನ ಹಗ್ಗ. ಮೂರೇ ದಿನಕ್ಕೆ ಚರ್ಮ ಕಿತ್ತು ಬಂತು. ಆಮೇಲೆ ಕಾಲಿಗೆ ಕಟ್ಟಿದೆ, ಕಾಲು ಮುಳುಗಿ ಸೊಂಟನೋವು ಶುರುವಾಯಿತು. ಕೊನೆಗೆ ಹಳೇ ಸೈಕಲ್ ಟ್ಯೂಬು ನಾಲ್ಕು ಜೋಡಿಸಿ, ಅದಕ್ಕೆ ನೈಲಾನ್ ಹಗ್ಗ ಸೇರಿಸಿ ದಡದ ಗೂಟಕ್ಕೆ ಬಿಗಿದೆ. ಖರ್ಚು 120 ರೂಪಾಯಿ ಇರಬೇಕು. ಕಿಲೋಮೀಟರ್ ಲೆಕ್ಕ ಬಿಟ್ಟೆ. ನಿಮಿಷಕ್ಕೆ 58 ಸ್ಟ್ರೋಕ್, ಮೂರು ಗಂಟೆ, ವಾರಕ್ಕೆ ಐದು ದಿನ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಭಾಳ ಜಾರುತ್ತೆ. ಗಂಟು ಹಾಕಿದ ಹಗ್ಗ ಇಳಿಬಿಡದೆ, ದಡದಲ್ಲಿ ಒಬ್ಬರಿಲ್ಲದೆ ಇಳಿಯಬೇಡಿ.

ಉಪ್ಪುನೀರಿನ ಪ್ರಯೋಗವೂ ಆಯಿತು. 200 ಲೀಟರ್ ಡ್ರಮ್ಮಿಗೆ 7 ಕೆಜಿ ಕಲ್ಲುಪ್ಪು. ಅದರಲ್ಲಿ ಕೂತು ಬಾಯಿ ಮುಕ್ಕಳಿಸೋದು. ನಾಲಗೆ ಪಳಗಿತೋ ಇಲ್ಲವೋ, ಆ ನೀರು ಚೆಲ್ಲಿದ ಕಡೆ ಮನೆಯವಳ ಕರಿಬೇವಿನ ಗಿಡ ಒಣಗಿತು. ಆ ಮಾತು ಇನ್ನೂ ಕೇಳ್ತಾ ಇದ್ದೀನಿ.

ಈ ಜನವರಿಯ ಈಜಿಗೆ ಹಿಂದಿನ ವರ್ಷ, ಇದೇ ದಾರಿಯಲ್ಲಿ ಒಂದು ಸಲ ಸೋತಿದ್ದೆ. ದೋಣಿ ಗೊತ್ತುಮಾಡಿಕೊಡ್ತೀನಿ ಅಂತ ಒಬ್ಬ 8 ಸಾವಿರ ಮುಂಗಡ ತಗೊಂಡು ಫೋನ್ ಎತ್ತಲಿಲ್ಲ. ಬೇರೆ ದೋಣಿ, ಈಜು ಗಮನಿಸಿ ಬರೆದುಕೊಳ್ಳೋ ವೀಕ್ಷಕರ ಫೀಸು, ಇಬ್ಬರ ಓಡಾಟ, ಎಲ್ಲ ಸೇರಿ 40 ಸಾವಿರ ದಾಟಿತು. ಹುಣ್ಣಿಮೆ ಮಾರನೇ ದಿನ ನೀರಿಗಿಳಿದೆ. 9 ಕಿ.ಮೀ. ಆಗಿರಬೇಕು, ಇಳಿತ ಮುಗಿದು ಉಬ್ಬರ ಶುರುವಾಯಿತು. ಅರ್ಧ ಗಂಟೆ ಕೈ ಬೀಸಿದರೂ ಎದುರಿನ ಹಡಗು ಇದ್ದಲ್ಲೇ ಇತ್ತು. ವಾಂತಿ ಬೇರೆ. ದೋಣಿ ಮುಟ್ಟಿದೆ, ಅಲ್ಲಿಗೆ ಆಟ ಮುಗೀತು.

ತಪ್ಪು ತೋಳಿನದ್ದಲ್ಲ, ತಿಥಿಯದ್ದು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಸೆಳೆತ ಜೋರು. ಅಷ್ಟಮಿ ಹೊತ್ತಿಗೆ ಮೆತ್ತಗಾಗುತ್ತೆ. ಮನೆಯ ಗೋಡೆ ಮೇಲೆ ಪಂಚಾಂಗ ನೇತಾಡ್ತಾನೇ ಇತ್ತು ನೋಡಿ! ಈ ಸಲ ಅಷ್ಟಮಿ ಹಿಡಿದೆ. ಇಳಿತ ಶುರುವಾಗೋ ಗಳಿಗೆಯನ್ನ ದೋಣಿಯ ಮೀನುಗಾರನೇ ಹೇಳಿದ, ಅವನು ಕೈ ಎತ್ತಿದ ಮೇಲೇ ಇಳಿದೆ.

ಊಟ ಜೋಳದ ಅಂಬಲಿ. ತೆಳ್ಳಗೆ ಸೋಸಿ, ಬೆಲ್ಲ ಬೆರೆಸಿ, ಬಾಟ್ಲಿಗೆ ಹಗ್ಗ ಕಟ್ಟಿ ದೋಣಿಯಿಂದ ಎಸೀತಿದ್ದರು, 40 ನಿಮಿಷಕ್ಕೊಮ್ಮೆ. ಅಳತೆ ಮಾತ್ರ ಹೇಳಲ್ಲ. ಎರಡು ವರ್ಷ ಹೊಟ್ಟೆ ಕೆಡಿಸಿಕೊಂಡು ಕಂಡುಕೊಂಡದ್ದು ಅದು. ವಾಂತಿ ಬರದ ಹಾಗೆ ದವಡೆಯಲ್ಲಿ ಏನಿಟ್ಟುಕೊಂಡಿದ್ದೆ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕಂಕುಳಿಗೆ, ಕುತ್ತಿಗೆಗೆ ವ್ಯಾಸಲೀನ್ ಜೊತೆ ಔಡಲೆಣ್ಣೆ ಹಚ್ಚಿದ್ದೆ, ಅದನ್ನ ಧಾರಾಳವಾಗಿ ಹೇಳ್ತೀನಿ.

ಮುಂದೆ ಬಂಗಾಳದ ಮುರ್ಷಿದಾಬಾದಿನ ಭಾಗೀರಥಿ ನದಿಯ ಈಜು ಸ್ಪರ್ಧೆ, 81 ಕಿ.ಮೀ. ಸಿಹಿನೀರು, ಡ್ರಮ್ಮು ಬೇಡ. ಆದರೆ ಹೊಂಡ ಈಗ ಅರ್ಧಕ್ಕಿಳಿದಿದೆ. ಕಾಕಾ ದಾಳಿಂಬೆಗೆ ನೀರು ಬಿಡ್ತಾ ಇದ್ದಾನೆ. "ಮಳಿ ಆಗ್ಲಿ ತಮ್ಮಾ, ಆಮ್ಯಾಲೆ ಕಟ್ಕೊ" ಅಂದ.