ಹಳೆ ಪಿಸಿಯ 1333 ರ‍್ಯಾಮ್ 1600ರಲ್ಲಿ ಓಡಬೇಕೆ? ಹೀಗೆ ಮಾಡಿ

ದಾವಣಗೆರೆಯ ಡಿಟಿಪಿ ಅಂಗಡಿಗಳಲ್ಲಿ ಹತ್ತು ವರ್ಷ ದಾಟಿದ ಐ3 ಪಿಸಿಗಳು ಇನ್ನೂ ದುಡಿಯುತ್ತಿವೆ. ಅವುಗಳ ಡಿಡಿಆರ್3 ರ‍್ಯಾಮ್ ಮೇಲಿನ ಚೀಟಿ ಓದಿ. ‘ಪಿಸಿ3-10600’ ಎಂದಿದ್ದರೆ ಅದು 1333 ವೇಗದ್ದು, ‘ಪಿಸಿ3-12800’ ಎಂದಿದ್ದರೆ 1600ರದು. ಮೊದಲನೆಯದನ್ನು 1600ಕ್ಕೆ ಏರಿಸಲು ಎಷ್ಟೋ ಸಲ ಸಾಧ್ಯ.

ಆದರೆ ಬೋರ್ಡೂ ಪ್ರೊಸೆಸರೂ ಒಪ್ಪಬೇಕು. ಎಚ್61 ಬೋರ್ಡಿನಲ್ಲಿ ಐ3-2100 ಇದ್ದರೆ 1333ರ ಮೇಲೆ ಹೋಗದು, ಸುಮ್ಮನೆ ಹೊತ್ತು ಕಳೆಯಬೇಡಿ. ಅದೇ ಬೋರ್ಡಿನಲ್ಲಿ ಐ3-3220 ಇದ್ದರೆ ಸಾಮಾನ್ಯವಾಗಿ 1600 ಸಿಗುತ್ತದೆ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಮೊದಲು ಅದರದೇ ಜೋಡಿ ಹುಡುಕಿ ಹಾಕಿ. ಡ್ಯುಯಲ್ ಚಾನೆಲ್ (ಎರಡು ಕಡ್ಡಿ ಒಟ್ಟಿಗೆ ದುಡಿಯುವುದು) ಕೊಡುವ ಲಾಭ ಓವರ್‌ಕ್ಲಾಕ್‌ಗಿಂತ, ಅಂದರೆ ಹೀಗೆ ವೇಗ ಏರಿಸುವುದಕ್ಕಿಂತ, ದೊಡ್ಡದು.

ಶುರುಮಾಡುವ ಮುನ್ನ ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಬಯಾಸ್‌ನ (ವಿಂಡೋಸ್‌ಗೂ ಮೊದಲು ತೆರೆಯುವ, ಬೋರ್ಡಿನದೇ ಸೆಟ್ಟಿಂಗ್ ಪುಟಗಳು) ಪ್ರತಿ ಪುಟದ ಫೋಟೊ ತೆಗೆದಿಡಿ, ಸಾಟಾ ಮೋಡ್ (ಹಾರ್ಡ್‌ಡಿಸ್ಕ್ ಬೋರ್ಡಿನೊಡನೆ ಮಾತಾಡುವ ರೀತಿ) ಇರುವ ಪುಟವನ್ನಂತೂ ಬಿಡಬೇಡಿ. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಸ್ಲಾಟಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ರ‍್ಯಾಮ್‌ನ ಹೊಂಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಕಪ್ಪು ಗೆರೆ ಬಟ್ಟೆಗೆ ಅಂಟುವುದು ಕಾಣುತ್ತದೆ, ಅದು ನಿಲ್ಲುವವರೆಗೂ ಒರೆಸಿ.

ಈಗ ಬಯಾಸ್‌ಗೆ ಹೋಗಿ. ಡಿರ‍್ಯಾಮ್ ಫ್ರೀಕ್ವೆನ್ಸಿಯನ್ನು ‘ಆಟೊ’ದಿಂದ 1600ಕ್ಕೆ ಬದಲಿಸಿ. ಟೈಮಿಂಗ್ (ಉತ್ತರಕ್ಕಾಗಿ ಕಾಯುವ ಕ್ಲಾಕ್‌ಗಳ ಎಣಿಕೆ) 9-9-9-24 ಇದ್ದದ್ದನ್ನು 11-11-11-28ಕ್ಕೆ ಸಡಿಲಿಸಿ, ಕಮಾಂಡ್ ರೇಟ್ 2ಟಿ ಇರಲಿ. ವೋಲ್ಟೇಜ್ 1.5ರಲ್ಲೇ ಇರಲಿ. ಅಸ್ಥಿರವಾದರೆ 1.55 ಕೊಡಿ. ಈ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಮೆಮೊರಿ ಕಂಟ್ರೋಲರ್ ಒಳಗೇ ಇರುವುದರಿಂದ 1.575 ದಾಟಿಸುವುದು ಸರಿಯಲ್ಲ, ಹಾಳಾದರೆ ಹೋಗುವುದು ಪ್ರೊಸೆಸರ್.

ಟೈಮಿಂಗ್ 9ರಿಂದ 11ಕ್ಕೆ ಹೋದರೆ ನಿಧಾನವಾಯಿತಲ್ಲ ಅನ್ನಿಸಬಹುದು. 1333ರಲ್ಲಿ ಒಂದು ಕ್ಲಾಕ್ 1.5 ನ್ಯಾನೊಸೆಕೆಂಡ್, 1600ರಲ್ಲಿ 1.25. ಹಾಗಾಗಿ ಕಾಯುವ ಹೊತ್ತು 13.5 ಇದ್ದದ್ದು 13.75 ಆಗುತ್ತದೆ, ಅಷ್ಟೆ. ಜೋಡಿ ರ‍್ಯಾಮ್‌ನ ಬ್ಯಾಂಡ್‌ವಿಡ್ತ್ (ಮಾಹಿತಿ ಸಾಗಿಸುವ ಸಾಮರ್ಥ್ಯ) ಮಾತ್ರ ಸೆಕೆಂಡಿಗೆ 21.3 ಜಿಬಿಯಿಂದ 25.6ಕ್ಕೆ ಏರುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಗೆ ಇದರ ಲಾಭ ಹೆಚ್ಚು, ಬ್ರೌಸರ್ ತೆರೆಯುವುದರಲ್ಲಿ ವ್ಯತ್ಯಾಸವೇ ಕಾಣದು. ಎಲ್ಲ ಸ್ಥಿರವಾದ ಮೇಲೆ 10-10-10-28 ಪ್ರಯತ್ನಿಸಿ, ಕಾಯುವ ಹೊತ್ತು 12.5ಕ್ಕೆ ಇಳಿಯುತ್ತದೆ.

ವಿಂಡೋಸ್ ತೆರೆಯಿತೆಂದು ನಂಬಬೇಡಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕನಿಷ್ಠ ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಸೋತಂತೆ. ತಪ್ಪು ಬಿಟ್ ಸದ್ದಿಲ್ಲದೆ ಹಾರ್ಡ್‌ಡಿಸ್ಕಿಗೆ ಹೋಗಿ ಕೂರುತ್ತದೆ, ಗಿರಾಕಿಯ ಲಗ್ನಪತ್ರಿಕೆ ಫೈಲು ಮುದ್ರಣದ ದಿನ ತೆರೆಯುವುದಿಲ್ಲ. ರಾತ್ರಿ ಪಾಸಾದದ್ದು ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಫೇಲಾಗಬಹುದು, ಹಗಲಲ್ಲೂ ಓಡಿಸಿ ನೋಡಿ. ಯುಪಿಎಸ್ ಇರಲಿ, ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಫ್ಯಾನ್ ತಿರುಗುತ್ತಿದ್ದು ಪರದೆ ಕಪ್ಪಗಿದ್ದರೆ ಹೆದರಬೇಡಿ. ಕೆಲವು ಬೋರ್ಡುಗಳು ಎರಡು ಮೂರು ಸಲ ಎದ್ದು ಬಿದ್ದು ತಾವೇ ಹಳೆ ಸೆಟ್ಟಿಂಗಿಗೆ ಮರಳುತ್ತವೆ. ಮರಳದಿದ್ದರೆ ವೈರ್ ಕಿತ್ತು ಬೋರ್ಡಿನ ಮೇಲಿನ ಗುಂಡು ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಆಮೇಲೆ ವಿಂಡೋಸ್ ನೀಲಿ ಪರದೆ ತೋರಿಸಿದರೆ ಸಾಟಾ ಮೋಡ್ ಬದಲಾಗಿರಬಹುದು. ಫೋಟೊ ನೋಡಿ ಹಿಂದಿನಂತೆ ಇಡಿ.

1600 ಕೊನೆಗೂ ನಿಲ್ಲಲಿಲ್ಲವೆಂದರೆ 1333ರಲ್ಲೇ 8-8-8-24 ಪ್ರಯತ್ನಿಸಿ. ಕಾಯುವ ಹೊತ್ತು 12 ನ್ಯಾನೊಸೆಕೆಂಡ್ ಆಗುತ್ತದೆ. ಆ ಸೆಟ್ಟಿಂಗಿಗೂ ಅದೇ ನಾಲ್ಕು ಸುತ್ತಿನ ಪರೀಕ್ಷೆ ಮಾಡಿ.