ಹಾರ್ಡ್ ಡಿಸ್ಕ್ ಕಂಟ್ರೋಲರ್ ಎರರ್: ಮೊದಲು ಕೇಬಲ್ ಬಿಚ್ಚಿ ನೋಡಿ

ಕಂಪ್ಯೂಟರ್ ಆಗಾಗ ಅರ್ಧ ನಿಮಿಷ ಗಪ್ಪಾಗಿ ನಿಂತು ಮತ್ತೆ ಓಡುತ್ತಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ (ಕಂಪ್ಯೂಟರಿನ ಆಗುಹೋಗು ಬರೆದಿಡುವ ಪ್ರೋಗ್ರಾಂ) ಸಿಸ್ಟಮ್ ಲಾಗ್ ತೆರೆಯಿರಿ. ಸೋರ್ಸ್ ‘ಡಿಸ್ಕ್’, ಈವೆಂಟ್ ಐಡಿ 11 ಇದ್ದರೆ ಅದೇ ಕಂಟ್ರೋಲರ್ (ಬೋರ್ಡಿನಲ್ಲಿ ಡಿಸ್ಕಿನೊಡನೆ ಮಾತಾಡುವ ಚಿಪ್) ಎರರ್. ಹೆಸರು ಕೇಳಿ ಮದರ್‌ಬೋರ್ಡೇ ಹೋಯಿತು ಎಂದುಕೊಳ್ಳಬೇಡಿ; ಡಿಸ್ಕಿಗೂ ಬೋರ್ಡಿಗೂ ನಡುವೆ ಎಲ್ಲೋ ತೊಡಕಿದೆ, ಅಷ್ಟೇ. ಐಡಿ 7 ಬಂದರೆ ಅದು ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗ, ಡಿಸ್ಕಿನದೇ ದೋಷ.

ಆ ಸಂದೇಶದಲ್ಲಿರುವ ಡಿಸ್ಕ್ ನಂಬರನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೋಲಿಸಿ. ಒಮ್ಮೊಮ್ಮೆ ತಪ್ಪು ಪೆನ್‌ಡ್ರೈವ್‌ನದಾಗಿರುತ್ತದೆ.

ಮುಂದಿನ ಕೆಲಸಕ್ಕೆ ಕೈಹಾಕುವ ಮೊದಲು ಲೆಕ್ಕಪತ್ರ, ಫೋಟೊಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಪ್ರೋಗ್ರಾಂ) ಈಗ ಬೇಡವೇ ಬೇಡ. ಸೋತ ಡಿಸ್ಕನ್ನು ಅದು ಗಂಟೆಗಟ್ಟಲೆ ದುಡಿಸಿ, ಉಳಿದದ್ದನ್ನೂ ಕಳೆಯಬಹುದು.

ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಂ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ. 05, ಸಿ5, ಸಿ6 ಸಾಲುಗಳ (ಕೆಟ್ಟ ಜಾಗಗಳ ಲೆಕ್ಕ) ರಾ ವ್ಯಾಲ್ಯೂ ಏರುತ್ತಿದ್ದರೆ ಡಿಸ್ಕ್ ಬದಲಿಸಬೇಕು. ಸಿ7 (ಕೇಬಲ್ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ) ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ಲಿನದೇ ತಪ್ಪು. ಆ ಅಂಕಿ ಬರೆದಿಟ್ಟುಕೊಳ್ಳಿ. ರಿಪೇರಿ ಆದರೂ ಅದು ಇಳಿಯುವುದಿಲ್ಲ, ಏರುವುದು ನಿಲ್ಲುತ್ತದೆ, ಅದೇ ಗುರುತು.

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು, ಕ್ಯಾಬಿನೆಟ್ಟಿನ ತಗಡು ಮುಟ್ಟಿ, ಸಾಟಾ ಕೇಬಲ್ಲನ್ನು (ಡಿಸ್ಕಿನಿಂದ ಬೋರ್ಡಿಗೆ ಹೋಗುವ ಡೇಟಾ ಕೇಬಲ್) ಎರಡೂ ಕಡೆ ಬಿಚ್ಚಿ. ಡಿಸ್ಕಿನ ಕಡೆಯ 7 ಹೊಂಬಣ್ಣದ ಗೆರೆಗಳನ್ನು ಟಾರ್ಚ್ ಬಿಟ್ಟು ನೋಡಿ. ತೋರಣಗಲ್ಲು, ಗಿಣಿಗೇರಾ ಕಡೆ ಕಬ್ಬಿಣದ ಧೂಳು, ಗಂಗಾವತಿಯ ರೈಸ್ ಮಿಲ್ ಆಫೀಸುಗಳಲ್ಲಿ ತೌಡಿನ ಧೂಳು ಅಲ್ಲೇ ಕೂರುತ್ತದೆ. ಒಣ ಮೆತ್ತನೆ ಬ್ರಷ್‌ನಿಂದ ಗುಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಪೂರ್ತಿ ಆರಿದ ಮೇಲೆ ಜೋಡಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಹೊಸ ಕೇಬಲ್ ತರುವುದಾದರೆ ಕ್ಲಿಪ್ ಇರುವುದನ್ನೇ ಕೇಳಿ, ಒಂದು ಮೀಟರಿಗಿಂತ ಉದ್ದ ಬೇಡ.

ಕೇಬಲ್, ಪೋರ್ಟ್, ಪವರ್ ವೈರ್ ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ತಪ್ಪು ಯಾವುದರದ್ದೆಂದು ತಿಳಿಯದೆ ಹೋಗುತ್ತದೆ. ಒಂದೊಂದನ್ನೇ ಬದಲಿಸಿ, ಎರಡು ದಿನ ಸಿ7 ನೋಡಿ. ಹಳೆಯ ನಾಲ್ಕು ಪಿನ್ನಿನ ವೈರಿನಿಂದ ಸಾಟಾಕ್ಕೆ ಹಾಕುವ ಕನ್ವರ್ಟರ್ ಕಂದಿದ್ದರೆ ತಕ್ಷಣ ಎಸೆಯಿರಿ, ಅದು ಬೆಂಕಿ ಹತ್ತುವ ವಸ್ತು. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಡಿಸ್ಕಿನ ಶಾಖ 50 ಡಿಗ್ರಿ ದಾಟುತ್ತಿದ್ದರೆ ಮುಂದೊಂದು ಫ್ಯಾನ್ ಕೂಡಿಸಿ.

ಬಯಾಸ್‌ನಲ್ಲಿ ಎಎಚ್‌ಸಿಐ ಇದ್ದದ್ದನ್ನು ಐಡಿಇ ಮಾಡಲು ಹೋಗಬೇಡಿ (ಇವು ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಎರಡು ರೀತಿ; ಬಯಾಸ್ ಎಂದರೆ ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪರದೆ), ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಹಾಗಾದರೆ ಮೊದಲಿನಂತೆಯೇ ಇಡಿ.

ಇಷ್ಟಾದರೂ 11 ಬರುತ್ತಿದ್ದರೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲೂ ಬಂದರೆ ಡಿಸ್ಕ್ ಹೋಗಿದೆ. ಅಲ್ಲಿ ಬಾರದೆ, ಇಲ್ಲಿ ಬೇರೆ ಡಿಸ್ಕಿಗೂ ಬಂದರೆ ಬೋರ್ಡಿನ ಕಂಟ್ರೋಲರ್ ಮೇಲೆ ಅನುಮಾನ. ಬೋರ್ಡ್ ಬದಲಿಸುವ ಮುನ್ನ ಒಂದು ಪಿಸಿಐ ಎಕ್ಸ್‌ಪ್ರೆಸ್ ಸಾಟಾ ಕಾರ್ಡ್ (ಬೋರ್ಡಿನ ಸ್ಲಾಟಿಗೆ ಹಾಕುವ ಬೇರೆ ಕಂಟ್ರೋಲರ್) ಹಾಕಿ ನೋಡಿ.